ಹಳೆಯ ಕಾರಿನ ಪೆಟ್ರೋಲ್ ಮುಳ್ಳು ತಪ್ಪು ತೋರಿಸುವುದೇಕೆ, ಸರಿಮಾಡುವುದು ಹೇಗೆ?

ಹೆಚ್ಚಿನ ಸಲ ದೋಷ ಮೀಟರಿನದಲ್ಲ, ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆಯುವ ಸೆಂಡರ್‌ನದು. ಪೆಟ್ರೋಲ್ ಜೊತೆ ಅದರ ಫ್ಲೋಟ್ (ತೇಲುವ ಬುರುಡೆ) ಏರಿಳಿದಂತೆ ಅದರ ತೋಳು ಕರೆಂಟಿಗೆ ತಡೆ ಒಡ್ಡುವ ಒಂದು ರೆಸಿಸ್ಟರ್ ಪಟ್ಟಿಯ ಮೇಲೆ ಜಾರುತ್ತದೆ. ಆ ರೆಸಿಸ್ಟೆನ್ಸ್‌ಗೆ ತಕ್ಕಂತೆ ಮುಳ್ಳು ನಿಲ್ಲುತ್ತದೆ. ಪಟ್ಟಿ ಸವೆದ ಜಾಗ ಬಂದಾಗ ಮುಳ್ಳು ದಿಢೀರನೆ ಬೀಳುತ್ತದೆ ಇಲ್ಲವೇ ಕುಣಿಯುತ್ತದೆ.

ಮೊದಲು ಸೆಂಡರ್‌ನ ಅರ್ತ್ ವೈರಿನ ತುಕ್ಕು ಉಜ್ಜಿ ತೆಗೆಯಿರಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಆಗದಿದ್ದರೆ ಇಗ್ನಿಷನ್ ಆಫ್ ಮಾಡಿ ಸೆಂಡರ್ ವೈರ್ ಬಿಚ್ಚಿ, ಮತ್ತೆ ಆನ್ ಮಾಡಿ. ಮುಳ್ಳು ಪೂರ್ತಿ ಒಂದು ತುದಿಗೆ ಹೋಗದೆ ಮಧ್ಯದಲ್ಲೇ ನಿಂತರೆ ಮೀಟರ್ ಅಥವಾ ವೈರಿಂಗ್ ನೋಡಬೇಕು. ಹೋದರೆ, ಬ್ಯಾಟರಿ ಕಳಚಿ ಸೆಂಡರ್ ಹೊರತೆಗೆದು, ತೋಳನ್ನು ನಿಧಾನ ಎತ್ತುತ್ತಾ ಮಲ್ಟಿಮೀಟರಿನಲ್ಲಿ ರೆಸಿಸ್ಟೆನ್ಸ್ (ಓಮ್) ಅಳೆಯಿರಿ. ನಡುವೆ ಅಂಕಿ ಹಾರಿದರೆ ಸೆಂಡರ್ ಬದಲಿಸಿ. ಫ್ಲೋಟ್ ಅಲುಗಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ.

ಟೆಂಪರೇಚರ್ ಮುಳ್ಳೂ ಜೊತೆಗೇ ಕೆಟ್ಟಿದ್ದರೆ ಟ್ಯಾಂಕ್ ಬಿಚ್ಚಲೇಬೇಡಿ, ಎರಡೂ ಮೀಟರಿಗೆ ಕರೆಂಟ್ ಕೊಡುವ, ಡ್ಯಾಶ್‌ಬೋರ್ಡ್ ಹಿಂದಿನ ವೋಲ್ಟೇಜ್ ಸ್ಟೆಬಿಲೈಸರ್ ನೋಡಿ.