70ರ ತನಕ ಯಾಕೆ ಕಾಯುತ್ತೀರಿ?

ಪ್ರಶ್ನೆ: ನಾವು ಅಮೆರಿಕಕ್ಕೆ ಬಂದು 31 ವರ್ಷ ಆಯಿತು. ನಮ್ಮ ಮನೆಯವರು 1953ರಲ್ಲಿ ಹುಟ್ಟಿದವರು. 70 ತುಂಬುವ ತನಕ ಕಾದು ಸೋಷಿಯಲ್ ಸೆಕ್ಯೂರಿಟಿ, ಅಂದರೆ ಇಲ್ಲಿನ ಸರ್ಕಾರದ ಪೆನ್ಶನ್, ಶುರು ಮಾಡಿಕೊಂಡರು. ಈಗ ತಿಂಗಳಿಗೆ 3,168 ಡಾಲರ್ ಬರುತ್ತಿದೆ. ನಾನು 1958ರವಳು, ಹೋದ ತಿಂಗಳು 67 ತುಂಬಿತು. ಕೆಲಸ ಮಾಡಿದ್ದು ನಾಲ್ಕೇ ವರ್ಷ. ಹೆಂಡತಿಗೆ ಅರ್ಧ ಸಿಗುತ್ತದಂತೆ. ನಾನೂ 70ರ ತನಕ ಕಾದರೆ ಜಾಸ್ತಿ ಬರುತ್ತದಾ?

ಉತ್ತರ: ಬರುವುದಿಲ್ಲ ಅಮ್ಮಾ. ಈ ವಾರವೇ ಅರ್ಜಿ ಹಾಕಿ.

ಕಾದಷ್ಟೂ ವರ್ಷಕ್ಕೆ 8% ಏರುವುದು ಸ್ವಂತ ದುಡಿಮೆಯ ಪೆನ್ಶನ್ ಮಾತ್ರ. ಅದಕ್ಕೆ 40 ಕ್ರೆಡಿಟ್ ಬೇಕು, ಅಂದರೆ ಸುಮಾರು 10 ವರ್ಷದ ಕೆಲಸ. ನಿಮಗೆ ಅದಿಲ್ಲ. ಹೆಂಡತಿಯ ಪಾಲು ಏರುವುದು ಪೂರ್ಣ ವಯಸ್ಸಿಗೇ, ಅಂದರೆ ಕಡಿತವಿಲ್ಲದೆ ಪೂರ್ತಿ ಸಿಗುವ ವಯಸ್ಸಿಗೇ, ನಿಂತುಬಿಡುತ್ತದೆ. 1958ರವರಿಗೆ ಆ ವಯಸ್ಸು 66 ವರ್ಷ 8 ತಿಂಗಳು. ನೀವು ಆಗಲೇ ದಾಟಿದ್ದೀರಿ.

ಇನ್ನು ಅರ್ಧದ ಲೆಕ್ಕ. 3,168ರ ಅರ್ಧ 1,584 ಅಂದುಕೊಂಡಿರಬೇಕು ನೀವು, ಅಲ್ವಾ? ಯಜಮಾನರ ಪೂರ್ಣ ವಯಸ್ಸು 66, ಆಗಲೇ ಸಿಗಬೇಕಿದ್ದ ಮೊತ್ತ 2,400. ನಾಲ್ಕು ವರ್ಷ ಕಾದಿದ್ದಕ್ಕೆ 32% ಸೇರಿತು. ನಿಮ್ಮ ಅರ್ಧ ಆ 2,400ರ ಮೇಲೆ, ಅಂದರೆ 1,200. ಇದರಿಂದ ಅವರ ದುಡ್ಡಿನಲ್ಲಿ ಒಂದು ಡಾಲರೂ ಕಡಿಮೆಯಾಗುವುದಿಲ್ಲ.

ಹಾಗಂತ ಅವರು ಕಾದಿದ್ದು ದಂಡವಲ್ಲ. ಹೇಳಬಾರದ ಮಾತು, ಆದರೂ ಹೇಳಬೇಕು: ಅವರ ನಂತರ ನೀವಿದ್ದರೆ 1,200 ನಿಂತು ಅವರ ಪೂರ್ತಿ 3,168 ನಿಮಗೆ ಬರುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಲವತ್ತು ವರ್ಷ ಊರವರ ಲೆಕ್ಕ ಬರೆದ ನಾನೇ ನಮ್ಮ ಮನೆಯಲ್ಲಿ ಎಡವಿದೆ. ನನಗೆ ಆಗಲೇ ಪೆನ್ಶನ್ ಬರುತ್ತಿತ್ತು. ಹೆಂಡತಿಗೆ 66ಕ್ಕೇ ಸಿಗುತ್ತಿದ್ದ 900 ಡಾಲರ್ ಬಿಟ್ಟು, ಏರುತ್ತದೆ ಅಂತ ಸುಮ್ನೆ 68ರ ತನಕ ಕೂರಿಸಿದೆ. ಹಿಂದಿನ ಬಾಕಿ ಕೊಡುವುದು ಹೆಚ್ಚೆಂದರೆ 6 ತಿಂಗಳದ್ದು. ಉಳಿದ 18 ತಿಂಗಳ 16,000 ಚಿಲ್ಲರೆ ಡಾಲರ್ ಹೋಯಿತು. ಆಕೆ ಇವತ್ತಿಗೂ ಬಿಟ್ಟಿಲ್ಲ!

ನಿಮ್ಮದು ಹೋಗಿಲ್ಲ. ಈ ತಿಂಗಳೇ ಅರ್ಜಿ ಹಾಕಿದರೆ ಪೂರ್ಣ ವಯಸ್ಸು ತುಂಬಿದ ತಿಂಗಳಿಂದಲೇ ಕೇಳಬಹುದು. ಆ ತಿಂಗಳಿಂದಲೇ ಬೇಕು ಅಂತ ಬಾಯಿಬಿಟ್ಟು ಹೇಳಿ. ಮದುವೆ ಸರ್ಟಿಫಿಕೇಟ್ ಕೇಳಬಹುದು. ಗ್ರೀನ್ ಕಾರ್ಡ್ ಕಾಗದಗಳ ಜೊತೆ ಎಲ್ಲೋ ಸೇರಿಕೊಂಡಿರುತ್ತದೆ, ಇವತ್ತೇ ಹುಡುಕಿಡಿ.