ಓದುಗರ ಪ್ರಶ್ನೆ: ಮನೆಯ ಮಾತನ್ನು ಬರೆಯೋದು ಹೇಗೆ?

ಮನೆ, ಸಂಸಾರ, ಸಾವು, ನಗು ಇವುಗಳ ಬಗ್ಗೆ ಪ್ರಬಂಧ ಬರೆಯಬೇಕು ಅನ್ನುವವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿಕೊಂಡಿದ್ದಾರೆ. ಹಾಗಾಗಿ ಊರಿನ ಹೆಸರು ಮಾತ್ರ ಇಟ್ಟಿದ್ದೇನೆ.

ಪ್ರಶ್ನೆ: ಅವ್ವ ತೀರಿಕೊಂಡು ವರ್ಷವಾಯಿತು. ಅವಳ ಬಗ್ಗೆ ಬರೆಯಲು ಕೂತರೆ ‘ತ್ಯಾಗಮಯಿ’, ‘ಕರುಣಾಮಯಿ’ ಇಂಥವೇ ಬರುತ್ತವೆ. ತಂಗಿ ಓದಿ, ‘ಇದು ನಮ್ಮ ಅವ್ವ ಅಲ್ಲ, ಬ್ಯಾರೆ ಯಾರೋ’ ಅಂದಳು. ನಿಜವಾಗಿ ನಮ್ಮ ಅವ್ವ ಆಸ್ಪತ್ರೆಯ ಕೊನೆಯ ದಿನಗಳಲ್ಲೂ ಎಳನೀರಿಗೆ ಎಷ್ಟು ಕೊಟ್ಟಿರಿ ಅಂತ ಕೇಳಿ, ರೇಟು ಹೇಳಿದ್ದಕ್ಕೆ ನಮ್ಮನ್ನು ಬೈದವಳು. ಅಂಥದ್ದನ್ನೆಲ್ಲ ಬರೆದರೆ ಅಗೌರವ ಅಲ್ಲವೇ? (ಧಾರವಾಡ)

ಉತ್ತರ: ನಿಮ್ಮ ತಂಗಿ ಹೇಳಿದ್ದು ಸರಿ. ನಿಮ್ಮ ಇಡೀ ಪತ್ರದಲ್ಲಿ ಅವ್ವ ನನಗೆ ಕಾಣಿಸಿದ್ದು ಆ ಎಳನೀರಿನ ಸಾಲಿನಲ್ಲಿ ಮಾತ್ರ. ಉಸಿರಾಡೋದೇ ಕಷ್ಟವಾಗಿರುವಾಗಲೂ ಮಕ್ಕಳ ದುಡ್ಡು ಪೋಲಾಗಬಾರದು ಅನ್ನುವ ಹಟ ಆ ಬೈಗುಳದಲ್ಲಿದೆ. ನೀವು ‘ತ್ಯಾಗಮಯಿ’ ಅಂತ ಬರೆದು ಹೇಳಲಾಗದ್ದನ್ನು ಅವರು ಬೈದು ಹೇಳಿಬಿಟ್ಟಿದ್ದಾರೆ. ಇದರಲ್ಲಿ ಅಗೌರವ ಎಲ್ಲಿದೆ? ಅಲ್ಲಿಂದಲೇ ಶುರು ಮಾಡಿ. ಎಳನೀರು ತಂದವರು ಯಾರು, ರೇಟು ಬಾಯಿಬಿಟ್ಟವರು ಯಾರು, ಕಡಿಮೆ ಮಾಡಿ ಹೇಳಬಾರದಿತ್ತಾ ಅಂತ ಆಮೇಲೆ ವರಾಂಡದಲ್ಲಿ ಯಾರು ಯಾರ ಮೇಲೆ ರೇಗಿದರು, ಪಕ್ಕದ ಬೆಡ್‌ನವರು ನಕ್ಕರಾ, ಕೊನೆಗೆ ಅವ್ವ ಅದನ್ನು ಕುಡಿದರಾ ಇಲ್ಲವಾ. ಇಷ್ಟು ಬರೆಯುವಷ್ಟರಲ್ಲಿ ಎರಡು ಪುಟ ತುಂಬಿರುತ್ತದೆ.

ಪೇಪರಿನಲ್ಲಿ ಫೋಟೊ ಹಾಕಿಸಿ ಕೊಡುವ ಶ್ರದ್ಧಾಂಜಲಿಗೆ ಹೊಗಳಿಕೆಯ ಮಾತು ಬೇಕು, ಅದು ತಪ್ಪಲ್ಲ. ಊರಿಗೆ ಸುದ್ದಿ ತಿಳಿಸಿ, ಸತ್ತವರಿಗೆ ಕೈಮುಗಿಯುವುದು ಅದರ ಕೆಲಸ. ಆದರೆ ಅಲ್ಲಿ ಹೆಸರು, ಫೋಟೊ ತೆಗೆದರೆ ಆ ಮಾತು ಯಾರ ಅವ್ವನಿಗೆ ಬೇಕಾದರೂ ಹೊಂದುತ್ತದೆ. ನೀವು ಬರೆಯುವುದು ನಿಮ್ಮ ಅವ್ವನಿಗೆ ಮಾತ್ರ ಹೊಂದಬೇಕು.

ಇನ್ನೊಂದು ಮಾತು. ಸಾವಿನ ಮನೆಯಲ್ಲಿ ಬರೀ ಅಳು ಇರುವುದಿಲ್ಲ, ಇದು ನಿಮಗೂ ಗೊತ್ತು. ದೂರದ ಕಾಕಾ ಒಬ್ಬರು ಬಂದು ದಿನಕರ್ಮದ ಊಟಕ್ಕೆ ಏನು ಸಿಹಿ ಮಾಡಿಸಬೇಕು ಅಂತ ಜಗಳ ತೆಗೆಯುತ್ತಾರೆ. ಅಡುಗೆಮನೆಯಲ್ಲಿ ಹೆಂಗಸರಿಗೆ ಅವ್ವನ ಯಾವುದೋ ಹಳೆಯ ಕತೆ ನೆನಪಾಗಿ ನಗು ಬರುತ್ತದೆ, ಹೊರಗಿನವರು ಕೇಳಿಸಿಕೊಂಡಾರು ಅಂತ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ, ಹಾಗೇ ನಗುತ್ತಾ ನಗುತ್ತಾ ಒಬ್ಬರು ಅಳೋಕೆ ಶುರು ಮಾಡುತ್ತಾರೆ. ಆಮೇಲೆ ಕಾಗದಪತ್ರದ ಓಡಾಟ. ಸಾವನ್ನು 21 ದಿನದೊಳಗೆ ನೋಂದಣಿ ಮಾಡಿಸಬೇಕು ಅಂತ 1969ರ ಜನನ ಮರಣ ನೋಂದಣಿ ಕಾಯ್ದೆಯಡಿಯ ನಿಯಮ ಹೇಳುತ್ತದೆ, ಅಂದರೆ ಕಣ್ಣೀರು ಆರುವ ಮೊದಲೇ ಅರ್ಜಿ ತುಂಬಬೇಕು. ಡೆತ್ ಸರ್ಟಿಫಿಕೇಟಿನ ಜೆರಾಕ್ಸ್ ಹಿಡಿದು ಬ್ಯಾಂಕಿಗೆ, ಪಿಂಚಣಿ ಆಫೀಸಿಗೆ, ರೇಷನ್ ಕಾರ್ಡಿಗೆ, ಗ್ಯಾಸ್ ಏಜೆನ್ಸಿಗೆ ಅಲೆಯಬೇಕು. ಪ್ರತಿ ಕೌಂಟರಿನಲ್ಲೂ ‘ನಿಮಗೆ ಏನಾಗಬೇಕು?’ ಅಂತ ಕೇಳುತ್ತಾರೆ, ಪ್ರತಿ ಸಲವೂ ‘ತಾಯಿ’ ಅಂತ ಹೇಳಬೇಕು. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಓಣಿಯವರೆಲ್ಲ ಕರೆಯುತ್ತಿದ್ದ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ನೀವು ಇದನ್ನೆಲ್ಲ ಓಡಾಡಿ ಮುಗಿಸಿದ್ದೀರಿ ಅಂತ ಪತ್ರದಲ್ಲಿದೆ. ಹಾಗಿದ್ದರೆ ಪ್ರಬಂಧದಲ್ಲಿ ಅದು ಯಾಕೆ ಒಂದು ಸಾಲೂ ಇಲ್ಲ?

ನಿಮ್ಮ ಊರಿನವರೇ ಆದ ಬೇಂದ್ರೆ ಮಗುವನ್ನು ಕಳೆದುಕೊಂಡ ಸಂಕಟದಲ್ಲಿ ‘ನೀ ಹೀಂಗ ನೋಡಬ್ಯಾಡ ನನ್ನ’ ಬರೆದರು. ಅಲ್ಲಿ ಗಂಡ ಮಾತಾಡುವುದು ಹೆಂಡತಿಯ ಜೊತೆ. ಎದುರಿಗೆ ಉಳಿದಿರುವ ಅವಳ ಮುಖವನ್ನೇ ನೋಡಲಾಗದೆ ಒದ್ದಾಡುತ್ತಾನೆ, ಆ ಮುಖದಲ್ಲೇ ನಮಗೆ ಹೋದ ಮಗು ಕಾಣುತ್ತದೆ. ನೀವೂ ತಂಗಿಯನ್ನು ನೋಡಿ ಬರೆಯಿರಿ, ಅಪ್ಪ ಇದ್ದರೆ ಅಪ್ಪನನ್ನು ನೋಡಿ ಬರೆಯಿರಿ. ಅವ್ವ ಹೋದ ಮೇಲೆ ಅವರ ಚಹಾದ ಹೊತ್ತು ಬದಲಾಯಿತಾ? ಅವ್ವನ ಫೋನ್ ಈಗ ಯಾರ ಹತ್ತಿರ ಇದೆ, ರೀಚಾರ್ಜ್ ಮಾಡಿಸುತ್ತಿದ್ದಾರಾ?

ಬರೆಯಬಾರದ್ದು ಒಂದಿದೆ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಕಾಯಿಲೆಯಲ್ಲಿ ಅವರು ಮಕ್ಕಳಿಂದಲೂ ಮುಚ್ಚಿಡಲು ನೋಡಿದ್ದನ್ನು, ಮೈಯ ಸಂಕಟವನ್ನು, ಅಸಹಾಯಕತೆಯನ್ನು ಓದುಗರ ಎದುರು ಬಿಚ್ಚಿಡಬೇಡಿ. ಬೈದದ್ದನ್ನು ಅವರು ಎಲ್ಲರ ಮುಂದೆ ಬೈದಿದ್ದಾರೆ. ಅದು ಬರೆಯಬಹುದಾದ್ದು.

ಪ್ರಶ್ನೆ: ಲಲಿತ ಪ್ರಬಂಧ ಅನ್ನೋದು ಈಗಲೂ ಇದೆಯಾ? ಮೊಬೈಲಿನಲ್ಲಿ ದಿನಾ ಎಲ್ಲರೂ ಬರೆಯುತ್ತಲೇ ಇರುತ್ತಾರಲ್ಲ? (ಮೈಸೂರು)

ಉತ್ತರ: ಇದೆ. ಮೊಬೈಲಿನಲ್ಲಿ ಬರೆಯುತ್ತಿರುವವರಲ್ಲಿ ಒಳ್ಳೆಯವರು ಬರೆಯುತ್ತಿರುವುದೂ ಅದೇ. 1930ರ ದಶಕದಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್, ಕುವೆಂಪು, ಎ.ಎನ್. ಮೂರ್ತಿರಾವ್ ಹಳ್ಳಿಯ ಜನ, ಮಲೆನಾಡಿನ ಮನೆ, ಸುಮ್ನೆ ಕೂತು ಕಾಣುವ ಹಗಲುಗನಸು ಇವನ್ನೆಲ್ಲ ಬರೆದಾಗ ಅವರೂ ತಮ್ಮ ಸುತ್ತ ದಿನಾ ನಡೆಯುತ್ತಿದ್ದದ್ದನ್ನೇ ಬರೆದರು. ಅಜ್ಜಯ್ಯ ಎಣ್ಣೆಸ್ನಾನ ಮಾಡುವುದನ್ನೇ ಕುವೆಂಪು ಒಂದು ಪ್ರಬಂಧ ಮಾಡಿದ್ದಾರೆ. ವಿಷಯ ದೊಡ್ಡದಿರಬೇಕಾಗಿಲ್ಲ, ಆದರೆ ಎರಡನೇ ಸಲ ಕೂತು ತಿದ್ದುವ ತಾಳ್ಮೆ ಬೇಕು. ಬರೆದ ತಕ್ಷಣ ಹಾಕಿಬಿಡಬೇಡಿ, ಒಂದು ವಾರ ಇಟ್ಟು ಓದಿ.

ಪ್ರಶ್ನೆ: ತವರಿನ ಆಸ್ತಿಯಲ್ಲಿ ಪಾಲು ಕೇಳಿದೆ. ಅಣ್ಣ ಮಾತು ಬಿಟ್ಟಿದ್ದಾನೆ. ಈ ಸಲ ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮದ ದುಡ್ಡೂ ಬರಲಿಲ್ಲ. ಇದನ್ನು ಬರೆಯಲೇಬೇಕು ಅನ್ನಿಸಿದೆ. ಹೆಸರು ಬದಲಾಯಿಸಿದರೆ ಸಾಕಾ? (ಹಾಸನ)

ಉತ್ತರ: ಸಾಲದು. ಯಾವ ಹೆಸರಿಟ್ಟರೂ ನಿಮ್ಮೂರಿನವರಿಗೆ ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ. ಅದನ್ನು ಒಪ್ಪಿಕೊಂಡೇ ಬರೆಯಬೇಕು.

ಪಾಲು ಕೇಳಿದ್ದು ನಿಮ್ಮ ಹಕ್ಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ತಿದ್ದುಪಡಿ ಬರುವಾಗ ಅಪ್ಪ ಬದುಕಿರಲೇಬೇಕು ಅಂತೇನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ‘ನಾನು ಮಾಡಿದ್ದು ಸರಿ’ ಅಂತ ಪ್ರಬಂಧದಲ್ಲಿ ಸಾಧಿಸುತ್ತಾ ಕೂರಬೇಡಿ. ಅದಕ್ಕೆ ವಕೀಲರಿದ್ದಾರೆ. ಕಾನೂನಿನಲ್ಲಿ ಎಲ್ಲೂ ಬರೆಯದ ಒಂದು ವಿಷಯ ನಿಮ್ಮ ಪತ್ರದಲ್ಲಿದೆ, ಆ ಅರಿಶಿನ ಕುಂಕುಮದ ದುಡ್ಡು. ಎಕರೆಗಟ್ಟಲೆ ಜಮೀನಿನ ಮುಂದೆ ಆ ದುಡ್ಡು ಎಷ್ಟು ಮಹಾ? ಆದರೂ ಹಬ್ಬದ ದಿನ ನೀವು ಕಾದಿದ್ದು ಅದಕ್ಕೇ ಅಲ್ವಾ. ಮೊದಲೆಲ್ಲ ಅದು ಹೇಗೆ ಬರುತ್ತಿತ್ತು, ಅಣ್ಣನೇ ತಂದುಕೊಡುತ್ತಿದ್ದನಾ, ಮನಿಯಾರ್ಡರ್ ಮಾಡುತ್ತಿದ್ದನಾ, ಈಚೆಗೆ ಫೋನಿನಲ್ಲಿ ಹಾಕಿ ‘ಬಂತಾ ನೋಡು’ ಅಂತಿದ್ದನಾ? ಆ ದುಡ್ಡಿನಲ್ಲಿ ಏನು ತಗೊಳ್ಳುತ್ತಿದ್ದಿರಿ? ಈ ಸಲ ಮನೆಯವರು ಕೇಳಿದಾಗ ಏನು ಹೇಳಿದಿರಿ? ನಿಮ್ಮ ಪ್ರಬಂಧ ಇಲ್ಲಿದೆ.

ಅಣ್ಣನ ಕಡೆಯಿಂದಲೂ ನೋಡಿ ಬರೆಯಿರಿ. ಅಪ್ಪನ ಸಾಲ ತೀರಿಸಿದ್ದು ಯಾರು, ಬೋರ್‌ವೆಲ್ ಕೊರೆಸಿ ನೀರು ಬಾರದೆ ಸೋತದ್ದು ಯಾರು, ಅಮ್ಮನ ಜೊತೆ ರಾತ್ರಿ ಆಸ್ಪತ್ರೆಯಲ್ಲಿ ಮಲಗಿದ್ದು ಯಾರು? ಹಕ್ಕು ಬಿಟ್ಟುಕೊಡಿ ಅಂತ ನಾನು ಹೇಳುತ್ತಿಲ್ಲ, ಖಂಡಿತ ಬಿಡಬೇಡಿ. ಅವನೂ ಮನುಷ್ಯನಾಗಿ ಕಾಣದಿದ್ದರೆ ಓದುಗರಿಗೆ ನಿಮ್ಮ ನೋವೂ ತಟ್ಟುವುದಿಲ್ಲ. ಅಚ್ಚಿಗೆ ಕೊಡುವ ಮೊದಲು ಅತ್ತಿಗೆಯ ಕೈಯಲ್ಲಾದರೂ ಅವನಿಗೆ ಓದಿಸಿ. ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೆ ಈಗ ಬರೆದಿಟ್ಟುಕೊಳ್ಳಿ, ಪ್ರಕಟಣೆ ಆಮೇಲೆ.

ಪ್ರಶ್ನೆ: ನನ್ನ ಹಾಸ್ಯ ಲೇಖನಗಳಲ್ಲಿ ಹೆಂಡತಿ ಜೋಕಿಗೆ ಆಫೀಸಿನಲ್ಲಿ ಎಲ್ಲರೂ ನಗುತ್ತಾರೆ. ಪತ್ರಿಕೆಗಳು ಮಾತ್ರ ವಾಪಸ್ ಕಳಿಸುತ್ತವೆ. (ಬೆಂಗಳೂರು)

ಉತ್ತರ: ನೀವು ಕಳಿಸಿದ ಲೇಖನ ಓದಿದೆ. ಅದರಲ್ಲಿ ಹೆಂಡತಿ ಸೀರೆ ಕೊಳ್ಳುತ್ತಾಳೆ, ಜಾಸ್ತಿ ಮಾತಾಡುತ್ತಾಳೆ, ಗಂಡ ಹೆದರುತ್ತಾನೆ. ಇದು ನಿಮ್ಮ ಮನೆಯದ್ದಲ್ಲ, ಎಲ್ಲೋ ಕೇಳಿದ್ದು. ಕೊನೆಯಲ್ಲಿ ಬರುವ ಕುಕ್ಕರಿನ ಜಗಳ ಮಾತ್ರ ನಿಮ್ಮದು. ಮೂರು ವಿಷಲ್ ಆದ ಮೇಲೆ ಆಫ್ ಮಾಡಿ ಅಂತ ಅವರು ಹೇಳಿಹೋಗಿದ್ದು, ನೀವು ಮೀಟಿಂಗ್ ಕಾಲ್‌ನಲ್ಲಿ ಪಕ್ಕದ ಮನೆಯ ವಿಷಲ್ಲನ್ನೂ ಸೇರಿಸಿ ಎಣಿಸಿದ್ದು, ಬೇಳೆ ಬೇಯದೇ ಇದ್ದದ್ದು. ಓದಿ ಜೋರಾಗಿ ನಕ್ಕೆ. ಮಿಕ್ಕಿದ್ದನ್ನೆಲ್ಲ ತೆಗೆದು ಇದನ್ನೇ ಬೆಳೆಸಿ.

ಕನ್ನಡದಲ್ಲಿ ಮನೆಯ ನಗುವಿಗೆ ಒಳ್ಳೆಯ ದಾರಿ ಹಾಕಿಕೊಟ್ಟವರಿದ್ದಾರೆ. ರಾಶಿ ಅಂತ ಬರೆಯುತ್ತಿದ್ದ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಶುರು ಮಾಡಿದರು, 1967ರವರೆಗೆ ನಡೆಸಿದರು. ಆರ್.ಕೆ. ಲಕ್ಷ್ಮಣ್ ಅದಕ್ಕೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಅದೇ ಪತ್ರಿಕೆಯಲ್ಲಿ ಟಿ. ಸುನಂದಮ್ಮ ಬರೆದರು. ಗಂಡ, ನೆಂಟರು, ಅಡುಗೆಮನೆ ಎಲ್ಲವನ್ನೂ ಮನೆಯೊಳಗೆ ಇರುವ ಹೆಂಗಸಿನ ಕಣ್ಣಿನಿಂದ ನೋಡಿ ನಗಿಸಿದರು. ಅಲ್ಲಿ ಹೆಂಡತಿಯ ಮೇಲೆ ಜೋಕು ಬೀಳುವುದಿಲ್ಲ, ಜೋಕು ಹೇಳುವವರೇ ಅವರು. ನೀವೂ ಒಂದು ಪ್ರಯೋಗ ಮಾಡಿ ನೋಡಿ. ಕುಕ್ಕರಿನ ಕತೆಯನ್ನು ನಿಮ್ಮ ಹೆಂಡತಿಗೆ ಹೇಳಲು ಹೇಳಿ, ನಡುವೆ ಬಾಯಿ ಹಾಕದೆ ಕೇಳಿ. ಅವರು ಹೇಳಿದ್ದು ನಿಮ್ಮದಕ್ಕಿಂತ ಚೆನ್ನಾಗಿದ್ದರೆ, ಇರುತ್ತದೆ ಅಂತಲೇ ನನಗನ್ನಿಸುತ್ತದೆ, ಇಬ್ಬರ ಹೆಸರಲ್ಲೂ ಕಳಿಸಿ.

ಪ್ರಶ್ನೆ: ಅಮೆರಿಕಕ್ಕೆ ಬಂದು ತುಂಬಾ ವರ್ಷವಾಯಿತು. ಅಪ್ಪನ ಅಂತ್ಯಸಂಸ್ಕಾರವನ್ನು ವಿಡಿಯೊ ಕಾಲ್‌ನಲ್ಲಿ ನೋಡಿದೆ. ನಾನು ಬರೆದದ್ದೆಲ್ಲ ಊರಿನ ಬಾಲ್ಯದ ನೆನಪೇ ಆಗುತ್ತದೆ. ಇಲ್ಲಿನದ್ದನ್ನು ಬರೆದರೆ ಕನ್ನಡದವರು ಓದುತ್ತಾರಾ? (ನ್ಯೂ ಜೆರ್ಸಿ)

ಉತ್ತರ: ಓದುತ್ತಾರೆ. ಜೀವನವಿಡೀ ಹಳ್ಳಿಯನ್ನು ಬರೆದ ಗೊರೂರು ವಯಸ್ಸಾದ ಮೇಲೆ ನಿಮ್ಮ ದೇಶಕ್ಕೆ ಬಂದು ಅಲ್ಲಿನದ್ದನ್ನು ಬರೆದರು. ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಊರಿನ ಬಾವಿ, ಮಾವಿನ ಮರ ನಾವು ಇಲ್ಲಿದ್ದೇ ಬರೆಯಬಹುದು. ಆದರೆ ಇಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಅಪ್ಪನನ್ನು ಮನೆಯಿಂದ ಹೊರಡಿಸುವಾಗ ಅಲ್ಲಿ ನಡುರಾತ್ರಿ, ಮಕ್ಕಳು ಮೇಲೆ ಮಲಗಿದ್ದಾರೆ, ಫೋನ್ ಹಿಡಿದ ಸೋದರಮಾವನ ಕೈ ನಡುಗಿ ಪರದೆಯಲ್ಲಿ ಒಂದು ಸಲ ನೆಲ, ಒಂದು ಸಲ ತೆಂಗಿನ ಮರ, ಮರುದಿನ ನೀವು ಆಫೀಸಿಗೆ ಹೋಗಬೇಕಾ ಬೇಡವಾ ಅನ್ನುವುದು. ಇದನ್ನು ನಿಮ್ಮಂಥವರೇ ಬರೆಯಬೇಕು. ಇಲ್ಲಿರುವ ಎಷ್ಟೋ ಅಪ್ಪ ಅಮ್ಮಂದಿರಿಗೆ ಮಕ್ಕಳ ಕಡೆಯ ಆ ರಾತ್ರಿ ಗೊತ್ತೇ ಇಲ್ಲ. ದಯವಿಟ್ಟು ಬರೆದು ಕಳಿಸಿ, ನಾನು ಕಾಯುತ್ತಿರುತ್ತೇನೆ.

ಪ್ರಶ್ನೆ: ಅಮ್ಮಮ್ಮನ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಕುಂದಾಪ್ರ ಕನ್ನಡ ಹಾಕಿದರೆ ಬೇರೆ ಜಿಲ್ಲೆಯವರಿಗೆ ಕಷ್ಟ ಅಂತ ಸ್ನೇಹಿತರು ಹೇಳುತ್ತಾರೆ. (ಕುಂದಾಪುರ)

ಉತ್ತರ: ಅಮ್ಮಮ್ಮ ಮಾತಾಡುವಾಗ ಅವರ ಕನ್ನಡದಲ್ಲೇ ಮಾತಾಡಲಿ. ಅವರ ಬಾಯಲ್ಲಿ ಪುಸ್ತಕದ ಕನ್ನಡ ಇಟ್ಟರೆ ಅವರು ನಿಮ್ಮ ಅಮ್ಮಮ್ಮ ಆಗಿ ಉಳಿಯುವುದಿಲ್ಲ. ಮಿಕ್ಕ ವಿವರಣೆ ನಿಮಗೆ ಹೇಗೆ ಸಲೀಸೋ ಹಾಗಿರಲಿ. ಮಾತಿನ ಪಕ್ಕದಲ್ಲಿ ಅರ್ಥ ಬರೆಯಬೇಡಿ. ಅವರು ಆ ಮಾತು ಹೇಳುವಾಗ ಕೈಯಲ್ಲಿ ಏನು ಮಾಡುತ್ತಿದ್ದರು ಅಂತ ಬರೆದರೆ ಬೀದರಿನವರಿಗೂ ತಿಳಿಯುತ್ತದೆ. ಒಂದೆರಡು ಮಾತು ತಿಳಿಯದಿದ್ದರೆ ಯಾರನ್ನಾದರೂ ಕೇಳಿಕೊಳ್ಳುತ್ತಾರೆ, ಬಿಡಿ.