ಮೆದುಳಿನ ಸಲ್ಕಸ್‌ಗಳನ್ನು ಗುರುತಿಸೋಕೆ ಯಾವ ಅಟ್ಲಾಸ್ ಒಳ್ಳೆಯದು?

ವೈವಾಗೆ ಮೂರೇ ವಾರ ಇದೆ, ಮೆದುಳಿನ ದಿಣ್ಣೆಗಳ ನಡುವಿನ ತಗ್ಗು ಗೆರೆಗಳು, ಅಂದರೆ ಸಲ್ಕಸ್, ಎಲ್ಲ ಒಂದೇ ಥರ ಕಾಣುತ್ತೆ, ಯಾವ ಅಟ್ಲಾಸ್ (ಅಂಗರಚನೆಯ ಚಿತ್ರಪುಸ್ತಕ) ಕೊಳ್ಳಲಿ ಅಂತೀರಿ. ಯಾವುದೂ ಬೇಡ. ನನ್ನ ಹತ್ತಿರ ಎರಡಿದ್ದವು, ಎರಡನ್ನೂ ಅರೆದು ಕುಡಿದಿದ್ದೆ, ಆದರೂ ಫೇಲಾದೆ.

ಫಸ್ಟ್ ಎಂಬಿಬಿಎಸ್ ಪ್ರಾಕ್ಟಿಕಲ್. ಟ್ರೇಯಲ್ಲಿ ಮೆದುಳಿನ ಬಲ ಅರ್ಧ. "ಸೆಂಟ್ರಲ್ ಸಲ್ಕಸ್ ತೋರಿಸಿ" ಅಂದರು ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು. ಮುಂದೆ ಚಲನೆಯ ಜಾಗ, ಹಿಂದೆ ಸ್ಪರ್ಶದ ಜಾಗ, ಎರಡರ ನಡುವಿನ ಗಡಿ ಅದು. ಅಟ್ಲಾಸಿನಲ್ಲಿ ದಪ್ಪ ನೀಲಿ ಗೆರೆ. ಟ್ರೇಯಲ್ಲೂ ಒಂದು ಕಪ್ಪು ಗೆರೆ ಮೇಲಂಚಿನಿಂದ ನೇರ ಸಿಲ್ವಿಯನ್ ಫಿಶರ್‌ವರೆಗೆ, ಅಂದರೆ ಮೆದುಳಿನ ಪಕ್ಕದ ಆಳವಾದ ಸೀಳಿನವರೆಗೆ, ಇಳಿದಿತ್ತು. ಖುಷಿಯಾಗಿ ಪಾಯಿಂಟರ್ ಇಟ್ಟೆ.

ಅದು ಸಲ್ಕಸ್ಸೇ ಅಲ್ಲ, ವೇನ್, ಅಂದರೆ ರಕ್ತನಾಳ. ಆ ಸ್ಪೆಸಿಮನ್‌ನ ಮೇಲೆ ಹೊದ್ದಿರುವ ತೆಳು ಅರಾಕ್ನಾಯ್ಡ್ ಪೊರೆಯನ್ನು ಪೂರ್ತಿ ಬಿಡಿಸಿರಲಿಲ್ಲ, ಟ್ರೊಲಾರ್ಡ್ ವೇನ್ ರಕ್ತ ಹೆಪ್ಪುಗಟ್ಟಿ ಹಾಗೇ ಕೂತಿತ್ತು. ಅದು ಹೆಚ್ಚಾಗಿ ಸೆಂಟ್ರಲ್‌ನ ಹಿಂದಿನ ಪೋಸ್ಟ್‌ಸೆಂಟ್ರಲ್ ಸಲ್ಕಸ್‌ನ ಆಸುಪಾಸಿನಲ್ಲೇ ಹಾಯುತ್ತೆ, ಅಂದರೆ ನಾನು ಒಂದು ಸಾಲು ಹಿಂದೆ. ಸಲ್ಕಸ್ ಅಂದರೆ ಲ್ಯಾಟಿನ್‌ನಲ್ಲಿ ನೇಗಿಲ ಸಾಲು. ಬೇಸಾಯದ ಮನೆಯ ನನಗೆ ಆ ಮಾತು ಆಗಲೇ ಹೊಳೆದಿದ್ದರೆ ಸಾಲು ಎಣಿಸುವಾಗ ಎಚ್ಚರ ಇರುತ್ತಿತ್ತೇನೋ. ಮೊದಲನೇ ಸಾಲು ತಪ್ಪಿದ ಮೇಲೆ ಮುಂದಿನದೆಲ್ಲ ತಪ್ಪಿತು. ಗೆರೆಯ ಮುಂದಿನ ದಿಣ್ಣೆ ಮೋಟರ್ ಏರಿಯಾ (ಚಲನೆಯ ಜಾಗ) ಅಂದೆ, ನಿಜವಾಗಿ ಅದು ಸೆನ್ಸರಿ (ಸ್ಪರ್ಶದ ಜಾಗ). "ಇಲ್ಲಿ ಪೆಟ್ಟಾದರೆ?" "ಎಡಗೈ ಸ್ವಾಧೀನ ತಪ್ಪುತ್ತೆ ಸರ್." "ಆ ರೋಗಿ ಎರಡೂ ಕೈ ಎತ್ತಿ ನಿಮಗೆ ನಮಸ್ಕಾರ ಮಾಡ್ತಾನೆ ಕಣ್ರೀ" ಅಂದರು. ಪಕ್ಕದಲ್ಲಿದ್ದ ನಮ್ಮ ಮೇಡಂ ಕಿಟಕಿ ಕಡೆ ನೋಡಿದರು.

ಸಿಲ್ವಿಯನ್‌ಗೆ ತಾಗಿದ್ದೇ ಅನುಮಾನ ಹುಟ್ಟಿಸಬೇಕಿತ್ತು. ಸೆಂಟ್ರಲ್ ಸಲ್ಕಸ್ ಸಾಮಾನ್ಯವಾಗಿ ಅಲ್ಲಿಗೆ ಮುಟ್ಟೋದೇ ಇಲ್ಲ, ಸ್ವಲ್ಪ ಮೇಲೇ ನಿಂತುಬಿಡುತ್ತೆ.

ಬ್ಯಾಚ್‌ನವರು ಪ್ಯಾಥಾಲಜಿ ಕ್ಲಾಸಿಗೆ ಹೋಗುವಾಗ ನಾನು ಸಪ್ಲಿಮೆಂಟರಿಗೆ ಓದುತ್ತಿದ್ದೆ. ಡಿಸೆಕ್ಷನ್ ಹಾಲ್‌ನ ಅಟೆಂಡರ್ ಅಣ್ಣ ದಿನಾ ಸಂಜೆ ಬಕೆಟ್‌ನಿಂದ ಒಂದು ಮೆದುಳು ತೆಗೆದುಕೊಡುತ್ತಿದ್ದರು. ಪುಸ್ತಕ ಕಲಿಸದ್ದನ್ನು ಅಲ್ಲಿ ಕಲಿತೆ: ಹೊರಮೈಯಿಂದ ಶುರು ಮಾಡಲೇಬಾರದು. ಮೊದಲು ಒಳಮಗ್ಗುಲು ತಿರುಗಿಸಿ. ಮೆದುಳಿನ ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕಲೋಸಮ್ ಮೇಲೆ ಕಮಾನಿನ ಹಾಗೆ ಸಿಂಗ್ಯುಲೇಟ್ ಸಲ್ಕಸ್ ಹೋಗುತ್ತೆ, ಹಿಂದೆ ಅದರ ಒಂದು ಕವಲು ಮೇಲಂಚಿಗೆ ಏರುತ್ತೆ. ಆ ಕವಲಿಗಿಂತ ಒಂಚೂರು ಮುಂದೆ ಅಂಚಿನಲ್ಲಿ ಒಂದು ಕಚ್ಚು ಇರುತ್ತೆ. ಸೆಂಟ್ರಲ್ ಅದೇ. ಬೆರಳು ಅಲ್ಲಿಟ್ಟುಕೊಂಡೇ ಮೆದುಳನ್ನು ಹೊರಮೈಗೆ ತಿರುಗಿಸಿ, ಕೆಳಗೆ ಹಿಂಬಾಲಿಸಿ. ಎರಡೂ ಕಡೆ ಎರಡು ದಿಣ್ಣೆ ಸಮಾನಾಂತರವಾಗಿ ಜೊತೆಗೇ ಇಳಿಯಬೇಕು. ಮುಂದಿನದರಲ್ಲಿ ಕೈಯ ಚಲನೆಯ ಜಾಗ ಗುಬುಟಾಗಿ ಹಿಂದಕ್ಕೆ ಉಬ್ಬಿರುತ್ತೆ. 1997ರಲ್ಲಿ ಎಂಆರ್‌ಐ ನೋಡಿ ಅದನ್ನು ವಿವರಿಸಿದ್ದಾರೆ, ಅಡ್ಡ ಸ್ಲೈಸ್‌ನಲ್ಲಿ ತಲೆಕೆಳಗಾದ ಒಮೆಗಾ (ಗ್ರೀಕ್ ಅಕ್ಷರ Ω) ಥರ ಕಾಣುತ್ತೆ.

ಹಿಂಭಾಗದ ಪರೈಟೊ-ಆಕ್ಸಿಪಿಟಲ್, ಕ್ಯಾಲ್ಕರೀನ್ ಸಲ್ಕಸ್ ಎರಡೂ ಒಳಮಗ್ಗುಲಲ್ಲೇ ಇಂಗ್ಲಿಷಿನ Y ಅಕ್ಷರದ ಹಾಗೆ ಸೇರುತ್ತವೆ, ಅವಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸೆಂಟ್ರಲ್‌ನ ಮುಂದಿನ ಪ್ರೀಸೆಂಟ್ರಲ್, ಹಿಂದಿನ ಪೋಸ್ಟ್‌ಸೆಂಟ್ರಲ್ ಎಷ್ಟೋ ಸಲ ತುಂಡುತುಂಡಾಗಿರುತ್ತವೆ, ಚಿತ್ರದ ಹಾಗೆ ಒಂದೇ ಗೆರೆ ಹುಡುಕಿದರೆ ಸಿಗಲ್ಲ.

ಅಟ್ಲಾಸ್ ದುಡ್ಡಲ್ಲಿ ಒಂದು ಡಬ್ಬ ಗ್ಲೌಸ್ ತಗೊಳ್ಳಿ. ಸ್ಪೆಸಿಮನ್ ನೀರಲ್ಲಿ ತೊಳೆದ ಮೇಲೇ ಮುಖದ ಹತ್ತಿರ ತನ್ನಿ, ಫಾರ್ಮಲಿನ್‌ಗೆ ಕಣ್ಣು ಉರಿದರೆ ಏನೂ ಕಾಣಲ್ಲ. ಫೋರ್ಸೆಪ್ಸ್‌ನಿಂದ ಪೊರೆ ಎತ್ತಿ, ವೇನ್ ಅದರ ಜೊತೆಗೇ ಎದ್ದು ಬರುತ್ತೆ.